ದೀಪದ ಪೆಟ್ಟಿಗೆ, ಗಾಲಿಯ ಪೆಟ್ಟಿಗೆ

ವಿಕಾರಾಬಾದ್

ಬೀದರಿಗೆ ಹೊರಟಿದ್ದೇನೆ ಎಂದಾಗ ನಮ್ಮ ತಾಯಿ ಕೇಳಿದ್ದು ಒಂದೇ ಪ್ರಶ್ನೆ, ಆ ಊರು ನಮ್ಮ ದೇಶದಲ್ಲಿದೆಯೇ ಎಂದು. ಈಗ ಇದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ದೆಹಲಿಯ ಸೈನ್ಯ ನಿಜಾಮರನ್ನು ಮಣಿಸಿದ ಪೋಲೀಸ್ ಆ್ಯಕ್ಷನ್ ಮುಗಿದು ಮೂರು ವರ್ಷಗಳ ಮೇಲಾಗಿದ್ದರೂ ಮೈಸೂರಿನ ನಮ್ಮ ಬೀದಿಯವರಿಗೆ ಹೈದರಾಬಾದ್ ಸಂಸ್ಥಾನ ಇನ್ನೂ ಪರದೇಶವೇ ಆಗಿತ್ತು. ಬೇರೆ ನಾಣ್ಯ, ಬೇರೆ ಲಿಪಿ, ಬೇರೆ ದೊರೆ. ಅಲ್ಲಿಂದ ಬಂದವರು ಹೇಳುತ್ತಿದ್ದ ಕಥೆಗಳೂ ಬೇರೆ.

ನಾನು ಆಗ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಗಲಾಟೆಯ ವರ್ಷದಲ್ಲಿ ವೀರಶೆಟ್ಟಿ ಎಂಬ ಬೀದರಿನ ವಕೀಲರು ಊರು ಬಿಟ್ಟು ಬಂದು ನಮ್ಮ ಬೀದಿಯ ಕೊನೆಯ ಮನೆಯ ಮಾಳಿಗೆಯಲ್ಲಿ ಹತ್ತು ತಿಂಗಳಿದ್ದರು. ದೇಶದ ಮೊದಲ ಚುನಾವಣೆ ಬಂದಾಗ ಅವರು ತಮ್ಮ ಊರಿನಲ್ಲಿ ಕೂಲಿಕಾರರ ಪಕ್ಷವೊಂದರ ಪರವಾಗಿ ಓಡಾಡುತ್ತಿದ್ದರು. ಅವರ ಅಭ್ಯರ್ಥಿಯ ಗುರುತು ಗಾಡಿಯ ಗಾಲಿ. ಕನ್ನಡದಲ್ಲಿ ಕರಪತ್ರ ಬೇಕು, ಇಲ್ಲಿ ಉರ್ದು ಅಚ್ಚು ಹಾಕುವವರಿದ್ದಾರೆ, ಕನ್ನಡ ಮೊಳೆ ಇಟ್ಟವರಿಲ್ಲ ಎಂದು ನಮ್ಮ ಯಜಮಾನರಿಗೆ ಬರೆದರು. ಯಜಮಾನರು ಅಚ್ಚು ಹಾಕಿಸಿ, ಎರಡು ಕಟ್ಟುಗಳನ್ನು ನನ್ನ ಕೈಗೆ ಕೊಟ್ಟು, ಒಯ್ದು ಮುಟ್ಟಿಸಿ ಬಾ ಎಂದರು.

ವಿಕಾರಾಬಾದಿನಲ್ಲಿ ಗಾಡಿ ಬದಲಿಸಬೇಕಿತ್ತು. ನಿಂತಿದ್ದ ಗಾಡಿಯೊಂದಕ್ಕೆ ಹತ್ತಿ ಕಿಟಕಿಯ ಪಕ್ಕ ಕುಳಿತೆ. ಎದುರಿಗಿದ್ದ ರೂಮಿ ಟೋಪಿಯ ಮುದುಕರು ಎಲ್ಲಿಗೆ ಎಂದು ಉರ್ದುವಿನಲ್ಲಿ ಕೇಳಿದರು. ಬೀದರ್ ಎಂದೆ. ಅವರು ಮರುಮಾತಾಡದೆ ಎದ್ದು ನನ್ನ ಕಟ್ಟುಗಳನ್ನು ಕಿಟಕಿಯಿಂದ ಆಚೆ ಇಳಿಸತೊಡಗಿದರು. ನಾನು ಜಗಳಕ್ಕೆ ನಿಂತೆ. ಗಾಡಿ ಹೈದರಾಬಾದಿಗೆ ಹೊರಟಿದೆ ಎಂದು ಯಾರೋ ತಿಳಿಸುವ ಹೊತ್ತಿಗೆ ಅದು ಅಲುಗಾಡುತ್ತಿತ್ತು. ನಾನು ಹಾರಿ ಇಳಿದೆ. ಮುದುಕರು ಕಿಟಕಿಯಿಂದಲೇ ಹಣೆಗೆ ಕೈ ಮುಟ್ಟಿಸಿ ಆದಾಬ್ ಮಾಡಿದರು. ಅವರಿಗೆ ವಂದನೆ ಹೇಳಲು ನನಗೆ ತೋಚಲೇ ಇಲ್ಲ.

ಬೀದರ್

ವಕೀಲರ ಮನೆ ಚೌಬಾರಾದ ಹತ್ತಿರ. ಊರಿನ ನಡುವೆ ನಿಂತ ಗುಂಡನೆಯ ಎತ್ತರದ ಕಾವಲು ಗೋಪುರ ಅದು. ಮೈಸೂರಿನಲ್ಲಿ ಯಾರಾದರೂ ದಾರಿ ಹೇಳಿದರೆ ಅರಮನೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇಲ್ಲಿ ಚೌಬಾರಾ. ಬೆಳಿಗ್ಗೆ ಎದ್ದರೆ ಕಾಫಿಯಿಲ್ಲ. ಕುದಿಸಿ ಕುದಿಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಚಹಾ, ಅದನ್ನು ಬಸಿಗೆ ಸುರಿದುಕೊಂಡು ಸದ್ದು ಮಾಡುತ್ತಾ ಕುಡಿಯಬೇಕು. ಮೂರನೆಯ ದಿನಕ್ಕೆ ನಾನೂ ಸದ್ದು ಮಾಡುತ್ತಿದ್ದೆ.

ಕರಪತ್ರಗಳ ಮೊದಲ ಪ್ರತಿಗಳನ್ನು ಬಿದರಿ ಕೆಲಸದವರ ಓಣಿಗೆ ಒಯ್ದೆವು. ಕಪ್ಪು ಲೋಹದ ಹೂಜಿಗಳ ಮೇಲೆ ಬೆಳ್ಳಿಯ ತಂತಿ ಕೂರಿಸುವ ಕುಶಲಕರ್ಮಿಗಳು ಅವರು. ಅಬ್ದುಲ್ ಎಂಬ ಹಿರಿಯರು ಉಳಿ ಕೆಳಗಿಟ್ಟು ಕರಪತ್ರವನ್ನು ತೆಗೆದುಕೊಂಡರು, ತಿರುಗಿಸಿ ನೋಡಿದರು, ಇನ್ನೊಮ್ಮೆ ತಿರುಗಿಸಿದರು. ಆಮೇಲೆ ನನ್ನ ಕೈಗೇ ಕೊಟ್ಟು, ಓದಿ ಹೇಳ್ರಿ ಎಂದರು. ಅವರು ಕನ್ನಡ ಚೆನ್ನಾಗಿ ಆಡುತ್ತಿದ್ದರು, ಓದಲು ಮಾತ್ರ ಬಾರದು. ಪಕ್ಕದ ಅಂಗಡಿಯ ಲಿಂಗಾಯತ ವ್ಯಾಪಾರಿಗೂ ಬರಲಿಲ್ಲ. ಅವರು ಕಲಿತದ್ದು ಉರ್ದು ಸಾಲೆಯಲ್ಲಿ, ಬರೆಯುವುದು ಮರಾಠಿಯಲ್ಲಿ. ಇಡೀ ಓಣಿ ಕನ್ನಡದಲ್ಲಿ ಮಾತಾಡುತ್ತಿತ್ತು, ಓದಬಲ್ಲವರು ಒಬ್ಬರೂ ಸಿಗಲಿಲ್ಲ. ವಕೀಲರೇ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಇಷ್ಟು ದೂರ ಹೊತ್ತು ತಂದ ಕಾಗದ ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಅವರೂ ಅದನ್ನೇ ಯೋಚಿಸುತ್ತಿದ್ದಂತಿತ್ತು.

ನಾನು ಓದಿ ಮುಗಿಸಿದ ಮೇಲೆ ಅಬ್ದುಲ್ ಮಿಯಾ ಸಾವಧಾನವಾಗಿ ತಮ್ಮ ಲೆಕ್ಕಾಚಾರ ಹೇಳಿದರು. ಅವರ ತಂದೆ ಜಹಗೀರದಾರರ ಮನೆಗಳಿಗೆ ಹುಕ್ಕಾ ಮಾಡಿಕೊಡುತ್ತಿದ್ದರಂತೆ. ಹಾಗಾಗಿ ಮನೆಯವರೆಲ್ಲ ನಿಜಾಮರ ಕಡೆ. ಜಹಗೀರು ಹೋಯಿತು, ಹುಕ್ಕಾ ಕೊಳ್ಳುವವರೂ ಹೋದರು. ಈಗ ದೆಹಲಿಯಿಂದ ಬರುವ ಅಧಿಕಾರಿಗಳು ಆಗಾಗ ಒಂದು ಹೂಜಿ ಕೊಳ್ಳುತ್ತಾರೆ. ಆದ್ದರಿಂದ ಅವರ ಓಟು ಆಳುವ ಪಕ್ಷದ ಗುರುತಾದ ದೀಪಕ್ಕೆ.

“ಗಾಲಿಯವರು ಹುಕ್ಕಾ ಸೇದತಾರೇನ್ರಿ?” ಎಂದು ಅವರು ವಕೀಲರನ್ನು ಕೇಳಿದರು. ತಮಾಷೆ ಮಾಡುತ್ತಿರಲಿಲ್ಲ.

ಅಂದು ಊಟದ ಹೊತ್ತಿಗೆ ವಕೀಲರು ನನ್ನ ಪ್ರಯಾಣವನ್ನು ಬದಲಿಸಿಬಿಟ್ಟರು. ಕರಪತ್ರ ಓದುವವರಿಲ್ಲದಿದ್ದರೆ ಓದಿ ಹೇಳುವವನು ಬೇಕು. ಮತದಾನದ ತನಕ ನಾನು ಇರಬೇಕು. ಯಜಮಾನರಿಗೆ ಅವರೇ ಪತ್ರ ಬರೆದರು. ನನಗೆ ಪಕ್ಷದ ಬಗ್ಗೆ ಅಂಥ ಒಲವೇನೂ ಇರಲಿಲ್ಲ. ಊರು ನೋಡುವ ಆಸೆ ಇತ್ತು, ಒಪ್ಪಿದೆ.

ಭಾಲ್ಕಿ

ವಕೀಲರು ನನ್ನನ್ನು ಕಳಿಸಿದ್ದು ಭಾಲ್ಕಿಗೆ. ಅಲ್ಲಿನ ರೈಲು ನಿಲ್ದಾಣದ ಪಕ್ಕದಲ್ಲಿ ತಗಡಿನ ಸೂರಿನ ಉದ್ದನೆಯ ಗೋದಾಮುಗಳು. ತೊಗರಿ, ಕಡಲೆ, ಬೆಲ್ಲ ಅಲ್ಲಿಂದ ವ್ಯಾಗನ್ನುಗಳಿಗೆ ಏರುತ್ತವೆ. ಏರಿಸುವ ಹಮಾಲರು ನಲವತ್ತು ಮಂದಿ. ಅವರ ಮುಕದ್ದಮ, ಎಂದರೆ ಮೇಸ್ತ್ರಿ, ಮಾಣಿಕಪ್ಪ. ಐವತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಸಿಕ್ಕವರಿಗೆಲ್ಲ ಶರಣು ಎನ್ನುವ ರೂಢಿ. ಅವನ ಜೋಡಿ ಮಹಬೂಬ್, ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಚೀಲ ಎತ್ತಲು ಇಬ್ಬರು ಬೇಕು, ಎರಡು ತುದಿ ಹಿಡಿದು ತೂಗಿ ಮೂರನೆಯವನ ಬೆನ್ನಿಗೆ ಏರಿಸುತ್ತಾರೆ. ಮಾಣಿಕಪ್ಪ ಮತ್ತು ಮಹಬೂಬ್ ಹನ್ನೆರಡು ವರ್ಷದಿಂದ ಒಂದೇ ಚೀಲದ ಎರಡು ತುದಿಗಳಲ್ಲಿದ್ದರು.

ಮಧ್ಯಾಹ್ನದ ರೊಟ್ಟಿಯ ಬಿಡುವಿನಲ್ಲಿ ನಾನು ಚೀಲದ ರಾಶಿಯ ಮೇಲೆ ಕುಳಿತು ಕರಪತ್ರ ಓದಿದೆ. ಮೈಸೂರಿನಲ್ಲಿ ಕುಳಿತು ಬರೆಸಿದ ಕನ್ನಡ ಅದು. “ಶ್ರಮಜೀವಿಗಳೇ” ಎಂದು ಶುರುವಾಗುತ್ತಿತ್ತು. ಯಾರ್ರಿ ಅವರು ಎಂದು ಒಬ್ಬ ಕೇಳಿದ. ನೀವೇ ಎಂದೆ. ನಲವತ್ತೂ ಮಂದಿ ನಕ್ಕರು. ಆಮೇಲೆ ಒಂದು ಏರ್ಪಾಡಾಯಿತು. ನಾನು ಒಂದು ವಾಕ್ಯ ಓದುವುದು, ಮಾಣಿಕಪ್ಪ ಅದನ್ನು ತನ್ನ ಮಾತಿನಲ್ಲಿ ಹೇಳುವುದು. ನನ್ನ ಆರು ಸಾಲಿನ ವಾಕ್ಯ ಅವನ ಬಾಯಲ್ಲಿ ನಾಲ್ಕು ಮಾತಾಗುತ್ತಿತ್ತು. ಎರಡು ದಿನದ ಮೇಲೆ ನಾನು ಕರಪತ್ರ ಬಿಟ್ಟು ಅವನು ಹೇಳಿದ್ದನ್ನೇ ಹೇಳತೊಡಗಿದೆ.

ಅವರ ನಿಷ್ಠೆ ತಿರುಗಿದ ಬಗೆಯನ್ನು ಮಾಣಿಕಪ್ಪ ನನಗೆ ಬಿಡಿಸಿ ಹೇಳಿದ. ನಿಜಾಮರ ಕಾಲದಿಂದಲೂ ಗೋದಾಮಿನ ಗುತ್ತಿಗೆ ಹಿಡಿದವನು ರಾಚಪ್ಪ ಸಾವಕಾರ. ನಿಜಾಮರ ಪರವಾಗಿ ಕಟ್ಟಿದ್ದ, ಖಾಕಿ ತೊಟ್ಟ ಪಡೆ ಊರಿಗೆ ಬಂದಾಗ ಮೊದಲ ಹಾರ ಹಾಕಿದವನು ಅವನೇ. ಪಡೆಯ ಕವಾಯತಿಗೆ ಒಬ್ಬನನ್ನು ಕಳಿಸಿದ ಮನೆಗೇ ಗೋದಾಮಿನ ಕೆಲಸ ಎಂದು ಆಗ ಹೇಳಿಕಳಿಸಿದ್ದ. ಮಹಬೂಬನ ತಮ್ಮ ಖಾಸಿಂ ಅದಕ್ಕಾಗಿ ಹೋದ. ಮರದ ಬಂದೂಕು ಹಿಡಿದು ಎರಡು ತಿಂಗಳು ಕವಾಯತು ಮಾಡಿದ, ಅಷ್ಟೇ. ಅಷ್ಟರಲ್ಲಿ ಪೋಲೀಸ್ ಆ್ಯಕ್ಷನ್ ಆಯಿತು. ಖಾಕಿಯವರು ಓಡಿಹೋದ ಮೇಲೆ ಊರೂರಲ್ಲಿ ಮುಸಲ್ಮಾನರನ್ನು ಹುಡುಕಿ ಹೊಡೆಯುವ ದಿನಗಳು ಬಂದವು. ಮಾಣಿಕಪ್ಪ ಮಹಬೂಬನನ್ನು ಭಾತಂಬ್ರಾದಲ್ಲಿದ್ದ ತನ್ನ ಹೆಂಡತಿಯ ತವರಿಗೆ ಕರೆದೊಯ್ದು, ಕಂಬಳಿ ಹೊದಿಸಿ, ಕುರಿ ಕಾಯುವವರ ಜೊತೆ ಅಡವಿಗೆ ಕಳಿಸಿದ. ಮಹಬೂಬ್ ಇಪ್ಪತ್ತು ದಿನ ಕುರಿ ಕಾಯ್ದ. ಖಾಸಿಂನನ್ನು ಹಿಡಿದು ಬೀದರಿನ ಜೈಲಿಗೆ ಹಾಕಿದರು. ಅವನು ಇನ್ನೂ ಅಲ್ಲೇ ಇದ್ದ.

ಆಮೇಲೆ ಹಮಾಲರೆಲ್ಲ ದೀಪದ ಪಕ್ಷಕ್ಕೆ ಸೇರಿದರಂತೆ. ಜೀವ ಉಳಿಸಿದ ಸರಕಾರ ಎಂದು ಕೆಲವರು, ಹೆದರಿಕೆಗೆ ಕೆಲವರು. ವರ್ಷ ತುಂಬುವುದರೊಳಗೆ ಬಿಳಿ ಟೋಪಿ ಹಾಕಿಕೊಂಡು ಆ ಪಕ್ಷದ ಊರಿನ ಮುಖಂಡನಾಗಿ ಬಂದವನು ಅದೇ ರಾಚಪ್ಪ ಸಾವಕಾರ. ಬಂದವನು ಹಿಂದೂ ಹಮಾಲರು ಬೇರೆ, ಮುಸಲ್ಮಾನ ಹಮಾಲರು ಬೇರೆ ತಂಡವಾಗಬೇಕು, ಜೋಡಿ ಮುರಿಯಬೇಕು ಎಂದ. ಅಂದೇ ಹಮಾಲರು ಅದಕ್ಕೆ ಒಪ್ಪದೆ ದೀಪ ಬಿಟ್ಟು ಗಾಲಿಯ ಕಡೆ ಬಂದರು.

“ಪಕ್ಷ ಬದಲು ಮಾಡಿದವ ಅವನರಿ. ನಾವು ನಿಂತಲ್ಲೇ ನಿಂತೀವಿ,” ಎಂದ ಮಾಣಿಕಪ್ಪ.

ಮೈಸೂರಿನ ಗಿರಣಿ ಕಾರ್ಮಿಕರನ್ನು ನಾನು ಬಲ್ಲೆ. ನಮ್ಮಲ್ಲಿ ಸಂಘದ ಮುಂದಾಳು ಒಂದು ಮಾತು ಹೇಳಿದರೆ ಮುಗಿಯಿತು. ಇಲ್ಲಿ ಪ್ರತಿಯೊಬ್ಬನಿಗೂ ತಾನು ಎಲ್ಲಿಂದ ಎಲ್ಲಿಗೆ ಬಂದೆ ಎಂಬುದಕ್ಕೆ ತನ್ನದೇ ಒಂದು ಕಾರಣವಿತ್ತು.

ಔರಾದ್

ನಮ್ಮ ಅಭ್ಯರ್ಥಿ ನಿಂತದ್ದು ದೆಹಲಿಯ ಲೋಕಸಭೆಗೆ, ಆದ್ದರಿಂದ ಔರಾದೂ ಆ ಕ್ಷೇತ್ರದೊಳಗೇ ಬರುತ್ತಿತ್ತು. ಅಲ್ಲಿ ಮಾಣಿಕಪ್ಪನ ತಂಗಿ ಗಂಗವ್ವ ಹೊಲಗೂಲಿ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಅವನು, ಮಹಬೂಬ್ ಮತ್ತು ನಾನು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಮನುಷ್ಯರಿಗಿಂತ ಕೋಳಿಗಳು ಶಿಸ್ತಾಗಿದ್ದವು. ನನ್ನ ಪಕ್ಕದ ಹೆಂಗಸು ಒಂದು ಬುಟ್ಟಿ ನನ್ನ ತೊಡೆಯ ಮೇಲಿಟ್ಟು, ಕೇಳದೆ, ಔರಾದಿನ ತನಕ ನಿದ್ದೆ ಮಾಡಿದಳು. ಮೈಸೂರಿನಲ್ಲಿ ಇಷ್ಟು ಸಲಿಗೆಗೆ ಹತ್ತು ವರ್ಷದ ಪರಿಚಯವಾದರೂ ಬೇಕು.

ಗಂಗವ್ವ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮುದ್ದೆ ತಿನ್ನುವ ಸೀಮೆಯವನು ನಾನು ಎಂದು ತಿಳಿದು, ಮುದ್ದೆಯನ್ನು ಅಗಿಯದೆ ನುಂಗುತ್ತಾರೆ ಎಂಬ ಮಾತು ನಿಜವೇ ಎಂದು ವಿಚಾರಿಸಿದಳು. ನಿಜ ಎಂದಾಗ ಬಹಳ ಹೊತ್ತು ಕನಿಕರದಿಂದ ನೋಡಿದಳು.

ಅಣ್ಣ ಗಾಲಿಯ ಮಾತು ತೆಗೆದಾಗ ಅವಳು ಕೈ ನಿಲ್ಲಿಸಲಿಲ್ಲ. ಅವಳ ಗಂಡ, ಮಾವ ಎಲ್ಲ ಜಮೀನುದಾರರ ಹೊಲದಲ್ಲಿ ಕೂಲಿಯಿಲ್ಲದೆ ಬಿಟ್ಟಿ ದುಡಿದವರು. ಪೋಲೀಸ್ ಆ್ಯಕ್ಷನ್ನಿನ ಮರುವರ್ಷ ದೀಪದ ಪಕ್ಷದ ಇಬ್ಬರು ಸ್ವಯಂಸೇವಕರು ಬಂದು ಚಾವಡಿಯ ಮುಂದೆ ನಿಂತು ಬಿಟ್ಟಿ ನಿಂತಿತು ಎಂದು ಡಂಗುರ ಸಾರಿಸಿದ್ದರು. ಅಂದಿನಿಂದ ನಿಂತಿತ್ತು.

“ನಿನ್ನ ಊರಾಗ ದೀಪದವ ಕೆಟ್ಟವ ಇದ್ದಾನು. ನನ್ನ ಊರಾಗ ನನ್ನ ಗಂಡ ಕೂಲಿ ತೊಗೊಂಡು ಮನಿಗಿ ಬಂದ. ನಾ ಹ್ಯಾಂಗ ಬಿಡ್ಲಿ ಅಣ್ಣಾ?”

ನಲವತ್ತು ಹಮಾಲರನ್ನು ತಿರುಗಿಸಿದ ಮಾಣಿಕಪ್ಪ ತಂಗಿಯ ಅಂಗಳದಲ್ಲಿ ರೊಟ್ಟಿ ಮುರಿಯುತ್ತಾ ಕುಳಿತ. ಆಮೇಲೆ ಮತದಾರರ ಪಟ್ಟಿ ನೋಡೋಣವೆಂದು ಚಾವಡಿಗೆ ಹೋದೆವು. ಗಂಗವ್ವನ ಹೆಸರು ಅದರಲ್ಲಿರಲಿಲ್ಲ. ಪಟ್ಟಿ ಬರೆಯಲು ಬಂದವರಿಗೆ ಅವಳು ತನ್ನ ಹೆಸರು ಹೇಳದೆ ಶರಣಪ್ಪನ ಮನೆಯಾಕೆ ಎಂದಷ್ಟೇ ಹೇಳಿದ್ದಳು. ಹಾಗೆ ಬರೆಸಿದವರನ್ನೆಲ್ಲ ಪಟ್ಟಿಯಿಂದ ತೆಗೆದಿದ್ದರು. ವಾಪಸು ಬಂದು ಹೇಳಿದಾಗ ಗಂಗವ್ವ ಮೊರದಲ್ಲಿದ್ದ ಕಡಲೆಯನ್ನು ಇನ್ನೊಮ್ಮೆ ಕೇರಿದಳು. ಮುಂದಿನ ಸಲ ಹೆಸರು ಹೇಳತೇನಿ ಎಂದಳು.

ಹಿಂತಿರುಗುವಾಗ ಬಸ್ಸು ಒಂದು ಹಳ್ಳದ ಹತ್ತಿರ ಕೆಟ್ಟು ನಿಂತಿತು. ಮಾಣಿಕಪ್ಪ ಇತರರ ಜೊತೆ ನೀರು ತರಲು ಇಳಿದ. ಆಗ ಮಹಬೂಬ್ ಅಂಗಿಯೊಳಗಿಂದ ಮಡಿಸಿದ ಬಿಳಿ ಹಾಳೆಯೊಂದನ್ನು ತೆಗೆದು, ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ ಎಂದ. ತಮ್ಮನ ಬಿಡುಗಡೆಗೆ. ಊರಿನ ಗಣ್ಯರೊಬ್ಬರು ಇವನ ನಡತೆ ಬಲ್ಲೆ ಎಂದು ಸಹಿ ಹಾಕಿದರೆ ಅರ್ಜಿಗೆ ತೂಕ ಬರುತ್ತದೆ ಎಂದು ಯಾರೋ ಹೇಳಿದ್ದರು. ರಾಚಪ್ಪ ಸಾವಕಾರ ಸಹಿ ಹಾಕಲು ಒಪ್ಪಿದ್ದ. ಮಹಬೂಬನ ಓಟು ದೀಪಕ್ಕೆ ಬೀಳಬೇಕು, ಅದೂ ಹತ್ತು ಮಂದಿಯ ಮುಂದೆ ಹೇಳಿ ಹಾಕಬೇಕು ಎಂಬುದು ಅವನ ಕರಾರು.

ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ನಾನು ಅರ್ಜಿ ಬರೆದೆ. ಏನು ಮಾಡುತ್ತೀಯ, ಮಾಣಿಕಪ್ಪನಿಗೆ ಗೊತ್ತೇ ಎಂದು ಕೇಳಿದೆ.

“ಕಾಕಾಗ ನಾನೇ ಹೇಳತೇನಿ ಮಾಸ್ತರ್. ನೀವು ಹೇಳಬ್ಯಾಡ್ರಿ,” ಎಂದ.

ಮತ್ತೆ ಭಾಲ್ಕಿ

ಮತದಾನಕ್ಕೆ ಎರಡು ದಿನವಿರುವಾಗ ಹಮಾಲರು ಗೋದಾಮಿನ ಹಿಂದಿನ ಬೇವಿನ ಮರದಡಿ ಸೇರಿದರು. ಎಲ್ಲರೂ ಗಾಲಿಗೇ ಹಾಕುವುದೆಂದು ಮಾತಾಗುತ್ತಿದ್ದಾಗ ಮಹಬೂಬ್ ಎದ್ದು ನಿಂತ. ತಾನು ದೀಪಕ್ಕೆ ಹಾಕುತ್ತೇನೆ ಎಂದ. ಕಾರಣವನ್ನೂ ಹೇಳಿದ. ದನಿ ಏರಿಸಲಿಲ್ಲ.

ಗಲಾಟೆಯಾಯಿತು. ನಮ್ಮ ಮನೆಯಲ್ಲಿ ಕಷ್ಟ ಇಲ್ಲವೇ ಎಂದು ಒಬ್ಬ, ನಿನ್ನ ಜೋಡಿ ಉಳಿಸಲು ಸಾವಕಾರನ ವಿರೋಧ ಕಟ್ಟಿಕೊಂಡವರು ನಾವು ಎಂದು ಇನ್ನೊಬ್ಬ. ಆ ಮಾತು ಸುಳ್ಳಾಗಿರಲಿಲ್ಲ. ಮುಸಲ್ಮಾನ ಹಮಾಲರಲ್ಲೇ ಒಬ್ಬ ಅವನ ಮುಖ ನೋಡಲೂ ಒಪ್ಪದೆ ಎದ್ದು ಹೋದ. ಕೊನೆಗೆ ಎಲ್ಲರೂ ಮಾಣಿಕಪ್ಪನ ಕಡೆ ತಿರುಗಿದರು.

“ಅವನ ಓಟು ಅವನ ತಮ್ಮಂದು,” ಎಂದ. “ಅದರಾಗ ನಾ ಕೈ ಹಾಕೂದಿಲ್ಲ. ಉಳಿದವರು ನಿಮ್ಮ ನಿಮ್ಮ ಮನಸ್ಸು ಕೇಳ್ರಿ.”

ಮತದಾನದ ದಿನ ಸಾಲೆಯ ಎರಡು ಕೋಣೆಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದರು. ಪ್ರತಿ ಪೆಟ್ಟಿಗೆಗೆ ಒಂದು ಗುರುತು ಅಂಟಿಸಿತ್ತು. ಕಾಗದ ಒಳಗೆ ಒಯ್ದು ಬೇಕಾದ ಪೆಟ್ಟಿಗೆಗೆ ಹಾಕಬೇಕು. ಕೆಲವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಒಬ್ಬ ಮುದುಕ ಪೆಟ್ಟಿಗೆಗೆ ಕೈಮುಗಿದು ಕಾಗದವನ್ನು ಅದರ ಮೇಲಿಟ್ಟು ಬಂದುಬಿಟ್ಟ, ಮತ್ತೆ ಕಳಿಸಬೇಕಾಯಿತು. ಮಹಬೂಬ್ ಸಾವಕಾರನ ಅಂಗಡಿಯವರ ಮುಂದೆ ದೀಪ ಎಂದು ಹೇಳಿ ಒಳಗೆ ಹೋದ, ಹೊರಗೆ ಬಂದ, ನೇರ ಗೋದಾಮಿಗೆ ನಡೆದ.

ಮರುದಿನದಿಂದ ಅವನ ಚೀಲದ ಇನ್ನೊಂದು ತುದಿ ಹಿಡಿಯಲು ಯಾರೂ ಬರಲಿಲ್ಲ, ಮಾಣಿಕಪ್ಪನ ಹೊರತು. ಅವರಿಬ್ಬರೂ ಎತ್ತಿದ ಚೀಲಕ್ಕೆ ಬೆನ್ನು ಕೊಡಲೂ ಯಾರೂ ಬರಲಿಲ್ಲ. ಹಾಗಾಗಿ ಇಬ್ಬರೇ ಎರಡು ತುದಿ ಹಿಡಿದು, ಏಡಿಗಳಂತೆ ಅಡ್ಡಡ್ಡ ನಡೆದು, ವ್ಯಾಗನ್ನಿನ ತನಕ ಒಯ್ಯುತ್ತಿದ್ದರು. ಒಬ್ಬರ ಹೊರೆಗೆ ಇಬ್ಬರ ದುಡಿಮೆ. ಆರು ದಿನ ನಾನು ಅದನ್ನು ನೋಡಿದೆ. ಅವರು ತಮ್ಮೊಳಗೂ ಮಾತಾಡುತ್ತಿರಲಿಲ್ಲ.

ಸಾವಕಾರರ ಅಂಗಡಿ

ಎಣಿಕೆಯಾಗಿ ದೀಪ ಗೆದ್ದಿತು. ಭಾಲ್ಕಿಯಲ್ಲಿ ಗಾಲಿ ಮುಂದಿತ್ತು, ಉಳಿದೆಡೆ ಅದಕ್ಕೆ ಹೆಸರೇ ಇರಲಿಲ್ಲ. ವಕೀಲರು ಆ ದಿನ ಊಟ ಮಾಡಲಿಲ್ಲವೆಂದು ಕೇಳಿದೆ.

ಮಹಬೂಬ್ ಅರ್ಜಿ ಹಿಡಿದು, ನನ್ನನ್ನೂ ಕರೆದುಕೊಂಡು, ರಾಚಪ್ಪ ಸಾವಕಾರನ ಅಂಗಡಿಗೆ ಹೋದ. ನಾಳೆ ಬಾ ಎಂದರು. ಮರುದಿನ ಹೋದಾಗ ಸಾವಕಾರರು ಊರಲ್ಲಿಲ್ಲ ಎಂದರು. ಸಾವಕಾರ ಒಳಗಿನ ಗಾದಿಯ ಮೇಲೆ ಕೂತದ್ದು ಬೀದಿಗೆ ಕಾಣುತ್ತಿತ್ತು. ನಾಲ್ಕನೆಯ ದಿನ ಅವನೇ ಹೊರಗೆ ಬಂದು, ನಿಮ್ಮ ಹಮಾಲರು ಗಾಲಿಗೆ ಹಾಕಿದ್ದು ನನಗೆ ಗೊತ್ತಿಲ್ಲವೇ, ನೀನೊಬ್ಬ ಹಾಕಿದರೆ ಏನಾಯಿತು ಎಂದ.

ಮಹಬೂಬ್ ಗೋದಾಮಿಗೆ ಬಂದು ಚೀಲದ ಮೇಲೆ ಕುಳಿತ. ನಡೆದದ್ದನ್ನು ನಾನೇ ಮಾಣಿಕಪ್ಪನಿಗೆ ಹೇಳಿದೆ. ಅವನು ಹೆಗಲ ಮೇಲಿನ ಗೋಣಿಯನ್ನು ತೆಗೆದು ಮಡಿಸಿ ಕೆಳಗಿಟ್ಟ. ನಿಲ್ದಾಣದಲ್ಲಿ ಎರಡು ವ್ಯಾಗನ್ ಅರ್ಧ ತುಂಬಿ ನಿಂತಿದ್ದವು, ಸಂಜೆಯ ಗಾಡಿಗೆ ಹೋಗಬೇಕಾದವು. ಅವನು ಸಾವಕಾರನ ಅಂಗಡಿಯ ಕಡೆಗೆ ಹೊರಟ. ಯಾರನ್ನೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಗೋಣಿ ಮಡಿಸಿಟ್ಟು ಹಿಂದೆ ನಡೆದ. ಆಮೇಲೆ ಇಬ್ಬರು, ಆಮೇಲೆ ಮಹಬೂಬ್ ಸೇರಿ ಹತ್ತು. ಬೇವಿನ ಮರದಡಿ ಮಹಬೂಬನ ಮುಖ ನೋಡದೆ ಎದ್ದು ಹೋದವನು ಕೊನೆಯವನಾಗಿ ಹೊರಟ.

ನಲವತ್ತು ಮಂದಿ ಅಂಗಡಿಯ ಮುಂದೆ ಧೂಳಿನಲ್ಲಿ ಕುಳಿತರು. ಘೋಷಣೆ ಇಲ್ಲ, ಬೈಗುಳ ಇಲ್ಲ. ಕೆಲವರು ಬೀಡಿ ಹಚ್ಚಿದರು. ಸಾವಕಾರ ಎರಡು ಸಲ ಬಾಗಿಲಿಗೆ ಬಂದು ಒಳಗೆ ಹೋದ. ಬಿಸಿಲು ಇಳಿಯತೊಡಗಿದಾಗ ನಿಲ್ದಾಣದಿಂದ ಆಳು ಬಂದು ವ್ಯಾಗನ್ ಏನು ಮಾಡಲಿ ಎಂದು ಕೇಳಿದ. ಸಾವಕಾರ ಮಾಣಿಕಪ್ಪನನ್ನು ಕರೆದು, ನಿಮಗೆ ಏನು ಬೇಕು, ನಿಮ್ಮ ಪಕ್ಷ ಸೋತಾಯಿತಲ್ಲ ಎಂದ.

“ಪಕ್ಷದ ಮಾತಿಗಿ ಬಂದಿಲ್ರಿ ಸಾವಕಾರ್ರೆ. ಇವ ನಿಮಗ ಓಟು ಕೊಟ್ಟಾನ. ನೀವು ಸಹಿ ಕೊಡ್ರಿ.”

ಸಾವಕಾರ ಅರ್ಜಿ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷನ್ನು ಬಹಳ ಹೊತ್ತು ನೋಡಿ, ಕೆಳಗೆ ಮರಾಠಿಯ ಮೋಡಿ ಲಿಪಿಯಲ್ಲಿ ಹೆಸರು ಬರೆದ. ಹಮಾಲರು ಎದ್ದು ಪಂಚೆ ಕೊಡವಿಕೊಂಡು ಗೋದಾಮಿಗೆ ನಡೆದರು. ಸಂಜೆಯ ಗಾಡಿಗೆ ವ್ಯಾಗನ್‌ಗಳು ತುಂಬಿದವು. ಮಹಬೂಬ್ ಮತ್ತು ಮಾಣಿಕಪ್ಪ ತೂಗಿ ಎತ್ತಿದ ಮೊದಲ ಚೀಲಕ್ಕೆ ಬೆನ್ನು ಕೊಟ್ಟವನು, ನಮ್ಮ ಮನೆಯಲ್ಲಿ ಕಷ್ಟ ಇಲ್ಲವೇ ಎಂದು ಕೇಳಿದ್ದವನು. ತಂಡ ಒಡೆಯುವ ಮಾತನ್ನು ಸಾವಕಾರ ಅಂದು ಎತ್ತಲಿಲ್ಲ. ಬಿಟ್ಟನೆಂದೂ ಹೇಳಲಿಲ್ಲ.

ಹೊರಡುವ ದಿನ

ಮಹಬೂಬ್ ಅರ್ಜಿಯೊಡನೆ ಬೀದರಿಗೆ ಹೊರಟ ಗಾಡಿಯಲ್ಲೇ ನಾನೂ ಹೊರಟೆ. ಅವನು ನನ್ನ ಟ್ರಂಕು ಒಳಗಿಟ್ಟು ಜಾಗ ಹುಡುಕಲು ಹೋದಾಗ, ಕಳಿಸಲು ಬಂದಿದ್ದ ಮಾಣಿಕಪ್ಪನನ್ನು ನಾನು ಕೇಳಿದೆ. ಮಹಬೂಬನ ಮೇಲೆ ಸಿಟ್ಟಿಲ್ಲವೇ?

“ಅದ ರೀ,” ಎಂದ. “ಯಾಕ ಇರಬಾರದು? ಗಾಲಿ ಸೋತದ, ನನಗ ಹೊಟ್ಟ್ಯಾಗ ಉರೀತದ. ಮುಂದಿನ ಸಲ ಅವನ ಕೂಡ ಜಗಳ ಮಾಡಿ ಗಾಲಿಗಿ ಹಾಕಸ್ತೇನಿ.”

ಗಾಡಿ ಹೊರಟ ಮೇಲೆ ಅದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಮಹಬೂಬನಿಗೆ ಕೇಳಿದೆ. ಮುಂದಿನ ಸಲ ಯಾರ ಕಡೆ? ಅವನು ಅರ್ಜಿ ಇದ್ದ ಜೇಬನ್ನು ಕೈಯಿಂದ ಒತ್ತಿಕೊಂಡು, ಮೊದಲು ಇದಾಗಲಿ ಎಂದ.

ಬೀದರಿನ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು. ಕಡತಕ್ಕೆ ಸೇರಿಸಿದರು. ಮಹಬೂಬ್ ಜೈಲಿನ ಗೋಡೆಯ ಪಕ್ಕ ಸ್ವಲ್ಪ ಹೊತ್ತು ನಿಂತು ಭಾಲ್ಕಿಗೆ ಮರಳಿದ. ನಾನು ಮೈಸೂರಿಗೆ ಬಂದು ಮತ್ತೆ ಕರಡು ತಿದ್ದತೊಡಗಿದೆ.

ಮಳೆಗಾಲದ ನಡುವೆ ವಕೀಲರಿಂದ ಪತ್ರ ಬಂತು. ಖಾಸಿಂ ಬಿಡುಗಡೆಯಾಗಿದ್ದ. ಅವನ ಜೊತೆ ಇನ್ನೂ ಬಹಳ ಜನರನ್ನು ಬಿಟ್ಟಿದ್ದರು. ಅದು ಸಾವಕಾರನ ಸಹಿಯಿಂದ ಆದದ್ದೋ, ಹೇಗೂ ಆಗಬೇಕಾದದ್ದೋ, ತಮಗೆ ತಿಳಿಯದು ಎಂದು ಬರೆದಿದ್ದರು. ಜೈಲಿನ ಬಾಗಿಲಿಗೆ ಅಣ್ಣನ ಜೊತೆ ಮಾಣಿಕಪ್ಪನೂ ಹೋಗಿದ್ದನಂತೆ. ಖಾಸಿಂ ತೀರ ಸೊರಗಿದ್ದ. ಚೌಬಾರಾದ ಹತ್ತಿರ ಅವನಿಗೆ ಚಹಾ ಕುಡಿಸಿ, ನಡೆಯಲಾರೆ ಎಂದಾಗ ಇಬ್ಬರೂ ಎರಡು ಕಡೆ ಹೆಗಲು ಕೊಟ್ಟು ನಿಲ್ದಾಣದ ತನಕ ನಡೆಸಿಕೊಂಡು ಹೋದರಂತೆ. ದಾರಿಯುದ್ದಕ್ಕೂ ಅವರಿಬ್ಬರು ಚುನಾವಣೆಯ ಜಗಳ ಆಡುತ್ತಿದ್ದರು, ನಡುವಿದ್ದ ಖಾಸಿಂ ಹತ್ತಿರ ಹತ್ತಿರ ನಾಲ್ಕು ವರ್ಷದಲ್ಲಿ ಏನೇನಾಯಿತೆಂದು ಅದರಿಂದಲೇ ತಿಳಿದುಕೊಂಡ ಎಂದು ವಕೀಲರು ಬರೆದಿದ್ದರು.